ಕಾರ್ಮೊಸೀನಾ ದೊಡ್ಡಮ್ಮನ ಅರ್ಧ ಬಾಗಿಲು

ದಕ್ಷಿಣ ಇಟಲಿಯ ಬೆಟ್ಟದ ಮೇಲಿನ ನಮ್ಮ ಮೊಂತೆಚೆರ್ರೊದಲ್ಲಿ ಯಾರಾದರೂ ಸತ್ತಿದ್ದಾರೆ ಎಂದು ಡಾಕ್ಟರು ಹೇಳಿದರೆ ಜನ ಅಷ್ಟಾಗಿ ನಂಬುತ್ತಿರಲಿಲ್ಲ. ಬಾಗಿಲು ಹೇಳಬೇಕಿತ್ತು. ಮನೆಯ ಎರಡು ಕದಗಳೂ ತೆರೆದಿದ್ದರೆ ಮನೆಯವರು ಒಳಗಿದ್ದಾರೆ, ಬನ್ನಿ ಎಂದರ್ಥ. ಎರಡೂ ಮುಚ್ಚಿದ್ದರೆ ದ್ರಾಕ್ಷಿ ತೋಟಕ್ಕೆ ಹೋಗಿದ್ದಾರೆ, ಇಲ್ಲವೇ ಒಳಗೇ ಇದ್ದಾರೆ, ನಿಮ್ಮ ಮುಖ ನೋಡಲು ಇಷ್ಟವಿಲ್ಲ. ಒಂದು ಕದ ಮುಚ್ಚಿ ಇನ್ನೊಂದು ತೆರೆದಿದ್ದರೆ ಮಾತ್ರ ಟೋಪಿ ತೆಗೆಯಬೇಕು. ಆ ಮನೆಯಲ್ಲಿ ಹೆಣವಿದೆ. ಅರ್ಧ ಬಾಗಿಲು ಕಂಡ ಗಳಿಗೆಯಲ್ಲೇ ಬೀದಿಯ ಹೆಂಗಸರೆಲ್ಲ ತಂತಮ್ಮ ಒಲೆಗೆ ಸೌದೆ ತುರುಕುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಲ್ಲ, ಮೂರು ದಿನ ಆ ಮನೆಯವರ ಹೊಟ್ಟೆಯ ಹೊಣೆ ಬೀದಿಯದು. ಯಾರು ಸತ್ತರು, ಹೇಗೆ ಸತ್ತರು ಎಂಬ ವಿಚಾರಣೆಯೆಲ್ಲ ಸಾರು ಕುದಿಯಲಿಟ್ಟ ಮೇಲೆ.

ಈಗ ಆ ಬೀದಿಗಳಲ್ಲಿ ಬಾಗಿಲಿಗಿಂತ ಬೀಗಗಳೇ ಹೆಚ್ಚು. ನಾನು ಹೇಳುತ್ತಿರುವುದು ಊರಿನ ತುಂಬ ಜನ, ಹೇಸರಗತ್ತೆ, ಹೊಗೆ, ಜಗಳ ಎಲ್ಲವೂ ಇದ್ದ ಕಾಲದ ಮಾತು. ನಾನು ಎಜಿದಿಯೊ, ಚೌಕದ ಕ್ಷೌರಿಕ. ಕೈಕಸುಬಿನವರನ್ನೆಲ್ಲ ಕರೆಯುವ ಹಾಗೆ ನನ್ನನ್ನೂ ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಈಗಲೂ ಹಾಗೇ ಕರೆಯುತ್ತಾರೆ, ಆದರೆ ಕರೆಯುವವರು ನಾಲ್ಕು ಜನ, ಅದರಲ್ಲಿ ಇಬ್ಬರ ತಲೆ ಬೋಳು.

ಕಥೆ ಕಾನಿಯೊನದು. ಕಾನಿಯೊ ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ತಾಯಿಯ ಅಕ್ಕ ಕಾರ್ಮೊಸೀನಾ, ತಂಗಿ ರಾಕೇಲೆ, ಇಬ್ಬರೂ ಸೇರಿ ಅವನನ್ನು ಸಾಕಿದರು. ಹೀಗಾಗಿ ಒಬ್ಬ ತಾಯಿ ಹೋಗಿ ಇಬ್ಬರು ತಾಯಂದಿರು ಸಿಕ್ಕರು, ಮತ್ತು ಇಬ್ಬರು ತಾಯಂದಿರನ್ನು ಕಂಡ ಯಾವ ಹುಡುಗಿಯೂ ಅವನನ್ನು ಮದುವೆಯಾಗಲು ಮುಂದೆ ಬರಲಿಲ್ಲ. ನಾಲ್ಕು ಚಳಿಗಾಲ ಸ್ವಿಟ್ಜರ್ಲೆಂಡಿನ ಒಂದು ಚೀಸ್ ಕಾರ್ಖಾನೆಯಲ್ಲಿ ದುಡಿದು ಬಂದಿದ್ದ. ಅಲ್ಲಿಂದ ತಂದ ಆಸ್ತಿ ಎಂದರೆ ಒಂದು ಹಸಿರು ಟೋಪಿ, ಒಂದಿಷ್ಟು ಮುರುಕು ಜರ್ಮನ್ ಮಾತು, ಮತ್ತು ಪ್ರಪಂಚದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಧೈರ್ಯ.

ಪಾಪ, ಅವನ ಕಷ್ಟ ಮಾತ್ರ ನಿಜವಾದದ್ದು. ಈ ಅಕ್ಕತಂಗಿಯರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಅವರ ತಾಯಿ ಸತ್ತಾಗ, ಹೆಣ ಮನೆಯಲ್ಲಿರುವಾಗಲೇ, ಯಾರೋ ಒಲೆ ಹಚ್ಚಿ ಕಾಫಿ ಕಾಸಿದರು. ಚಿಮಣಿಯ ಹೊಗೆಯನ್ನು ಇಡೀ ಬೀದಿ ಕಂಡಿತು. "ಅವ್ವನ ಮೈ ಇನ್ನೂ ಆರಿಲ್ಲ, ಇವಳಿಗೆ ಕಾಫಿ ಬೇಕಾಯ್ತಂತೆ!" ಎಂದು ರಾಕೇಲೆ ಎಲ್ಲರೆದುರಿಗೆ ಅಕ್ಕನ ಕಡೆ ಬೊಟ್ಟು ಮಾಡಿದಳು. ಕಾರ್ಮೊಸೀನಾ ಒಂದು ಮಾತನ್ನೂ ಆಡಲಿಲ್ಲ. ಅವತ್ತು ಆಡದವಳು ಆಮೇಲೂ ಆಡಲಿಲ್ಲ. ಅಕ್ಕ ಕೋಟೆಯ ಕೆಳಗಿನ ಮೇಲುಕೇರಿಯಲ್ಲಿ, ತಂಗಿ ನಲ್ಲಿಯ ಪಕ್ಕದ ಕೆಳಕೇರಿಯಲ್ಲಿ. ಇಗರ್ಜಿಯಲ್ಲಿ ಒಬ್ಬಳು ಎಡಗಡೆ ಕೂತರೆ ಇನ್ನೊಬ್ಬಳು ಬಲಗಡೆ. ಕಾನಿಯೊ ಮಾತ್ರ ಪ್ರತಿ ಭಾನುವಾರ ಎರಡು ಮಧ್ಯಾಹ್ನದ ಊಟ ಮಾಡುತ್ತಿದ್ದ. ಮೇಲೆ ಒಂದು, ಕೆಳಗೆ ಒಂದು. ಯಾವ ತಟ್ಟೆಯಲ್ಲೂ ತುತ್ತು ಉಳಿಸುವಂತಿರಲಿಲ್ಲ, ಉಳಿಸಿದರೆ ಇನ್ನೊಬ್ಬಳ ಪಕ್ಷ ಸೇರಿದ ಹಾಗೆ.

ಆ ವರ್ಷ ಸೆಪ್ಟೆಂಬರಿನಲ್ಲಿ ರಾಕೇಲೆಯ ಮಗ ದೂರದ ಉತ್ತರದ ತೊರೀನೊ ನಗರದಿಂದ ಹೇಳಿ ಕಳಿಸಿದ: ಅವ್ವಾ, ಇಲ್ಲಿಗೇ ಬಂದುಬಿಡು. ಸೋಮವಾರ ಬೆಳಗಿನ ಬಸ್ಸು ಎಂದು ಗೊತ್ತಾಯಿತು. ಹಿಂದಿನ ಶುಕ್ರವಾರ ಕಾನಿಯೊ ನನ್ನ ಕುರ್ಚಿಯಲ್ಲಿ ಸೋಪು ಹಚ್ಚಿದ ಗಲ್ಲ ಹೊತ್ತು ಅತ್ತೇಬಿಟ್ಟ.

"ಮೇಸ್ತ್ರಿ, ಚಿಕ್ಕಮ್ಮಂಗೆ ಎಪ್ಪತ್ತಾರು. ದೊಡ್ಡಮ್ಮಂಗೆ ಎಂಬತ್ತು ದಾಟಿದೆ. ಸೋಮವಾರ ಹೋದ್ರೆ ಇವರಿಬ್ರೂ ಇನ್ನು ಈ ಜನ್ಮದಲ್ಲಿ ಮುಖ ನೋಡಲ್ಲ."

"ಅಲ್ಲಾಡಬೇಡ ಮಾರಾಯ, ಕತ್ತಿ ಇದೆ ಕೈಯಲ್ಲಿ. ಇಬ್ಬರ ಹತ್ರಾನೂ ಹೇಳಿ ನೋಡಿದ್ಯಾ?"

"ಹೇಳ್ದೆ. ದೊಡ್ಡಮ್ಮ 'ಅವಳೇ ಬರ್ಲಿ' ಅಂದ್ಲು. ಚಿಕ್ಕಮ್ಮ 'ಆ ಹೊಸ್ತಿಲು ದಾಟೋದಿದ್ರೆ ಅವಳ ಹೆಣ ನೋಡೋಕೇ' ಅಂದ್ಲು."

"ಹಂಗಾದ್ರೆ ಒಂದು ಹೆಣ ಹುಡುಕು," ಎಂದೆ. ತಮಾಷೆಗೆ ಅಂದದ್ದು. ದೇವರು ಕ್ಷೌರದಂಗಡಿಯ ಮಾತನ್ನೂ ಕೇಳಿಸಿಕೊಳ್ಳುತ್ತಾನೆ ಎಂದು ನನಗೇನು ಗೊತ್ತು.

ಶನಿವಾರ ಹತ್ತೂವರೆಯ ಹೊತ್ತಿಗೆ ಡೆನ್ಮಾರ್ಕಿನ ಒಂದು ಜೋಡಿ ಬೆಟ್ಟ ಹತ್ತಿ ಚೌಕಕ್ಕೆ ಬಂತು. ಗಂಡ ಬಾಗಿಲ ಚೌಕಟ್ಟಿಗಿಂತ ಉದ್ದ. ಹೆಂಡತಿ ಕೆಂಪಗೆ ದುಂಡಗೆ, ನಗುಮುಖ. ಇಬ್ಬರಿಗೂ ಚಡ್ಡಿ, ಕೈಯಲ್ಲಿ ಕೋಲು, ಕೊರಳಲ್ಲಿ ಕ್ಯಾಮೆರಾ, ಬೆನ್ನಿಗೆ ಒಂದೊಂದು ಮೂಟೆ. ಬೆಟ್ಟದ ತುದಿಯ ಹಳೆಯ ಊರುಗಳನ್ನು ಒಂದೊಂದಾಗಿ ಕಾಲ್ನಡಿಗೆಯಲ್ಲಿ ನೋಡಿಕೊಂಡು ಹೋಗುತ್ತಿದ್ದಾರಂತೆ. ಸಾಲ ತೀರಿಸಲಾಗದವರು, ಹರಕೆ ಹೊತ್ತವರು, ಕತ್ತೆ ಸತ್ತವರು, ಇವರನ್ನು ಬಿಟ್ಟು ಬೇರೆ ಯಾರಾದರೂ ನಮ್ಮ ಬೆಟ್ಟವನ್ನು ಬೇಕೆಂದೇ ನಡೆದು ಹತ್ತುತ್ತಾರೆ ಎಂಬುದು ನಮಗೆ ಹೊಸ ಸಂಗತಿ. ಚೌಕದಲ್ಲಿ ಕೂತಿದ್ದವರೆಲ್ಲ ಎದ್ದು ನಿಂತು ನೋಡಿದರು.

ಕಾನಿಯೊ ನೋಡಿ ಸುಮ್ಮನಿರುವ ಜಾತಿಯಲ್ಲ. ಮನೆಗೆ ಓಡಿದ. ಐದು ನಿಮಿಷದಲ್ಲಿ ಕರಿ ಸೂಟು, ಕರಿ ಟೈ, ಹಸಿರು ಟೋಪಿ ಏರಿಸಿಕೊಂಡು ಬಂದ. ಆ ಸೂಟನ್ನು ಅವನು ಅಜ್ಜಿಯ ಸಾವಿಗೆ ಹೊಲಿಸಿದ್ದ. ಆಮೇಲೆ ಹೆಣದ ಹಿಂದೆ ನಡೆಯುವಾಗ ಬಿಟ್ಟರೆ ಬೇರೆಲ್ಲೂ ಅದನ್ನು ಯಾರೂ ಕಂಡಿರಲಿಲ್ಲ.

"ಎಲ್ಲಿಗೋ ಹೊರಟೆ?" ಎಂದೆ.

"ಗೈಡು ಅಂದ್ರೆ ಹಿಂಗಿರ್ಬೇಕು ಮೇಸ್ತ್ರಿ. ಸ್ವಿಟ್ಜರ್ಲೆಂಡಲ್ಲಿ ಎಲ್ಲಾ ಕಪ್ಪೇ ಹಾಕೋದು." ಹೀಗೆಂದವನು ಆ ಇಬ್ಬರ ಮುಂದೆ ಟೋಪಿ ತೆಗೆದು ಬಗ್ಗಿ, ಜರ್ಮನ್ನಿನಲ್ಲಿ ಏನೋ ಒದರಿದ. ಅವರು ನಕ್ಕರು. ಮೂವರೂ ಮೇಲುಕೇರಿಯ ಮೆಟ್ಟಿಲು ಹತ್ತಿದರು.

ಮುಂದಿನದನ್ನು ನಾನು ಎದುರುಮನೆಯ ಫಿಲೂಚ್ಚಾಳಿಂದ ಕೇಳಿದ್ದು. ಕಾನಿಯೊನಿಂದಲೂ ಕೇಳಿದ್ದೇನೆ. ಇಬ್ಬರದನ್ನೂ ಬೆರೆಸಿ ಅರ್ಧ ಕಳೆದರೆ ಇಷ್ಟು ಉಳಿಯುತ್ತದೆ.

ದಾರಿಯುದ್ದಕ್ಕೂ ಕಾನಿಯೊ ಇತಿಹಾಸ ಹೇಳಿದ. ಹಂದಿಗೂಡನ್ನು ಚಕ್ರವರ್ತಿಯ ಸ್ನಾನದ ಮನೆ ಎಂದ. ಬಿದ್ದುಹೋದ ಸುಣ್ಣದ ಗೂಡನ್ನು ರಾಜಕುಮಾರಿಯ ಸೆರೆಮನೆ ಎಂದ. ದೊಡ್ಡಮ್ಮನ ಮನೆ ಹಿಂದೆ ಜಮೀನ್ದಾರನ ಲಾಯವಾಗಿದ್ದದ್ದು. ಇವನ ಬಾಯಲ್ಲಿ ಅದು ಹಳೆಯ ಕಾಲದ ನಾರ್ಮನ್ ದೊರೆಗಳ ಅರಮನೆಯಾಯಿತು. ಅಷ್ಟೇ ಆಗಿದ್ದರೆ ಕೆಡುಕಿರಲಿಲ್ಲ. "ಇವತ್ತು ಮಧ್ಯಾಹ್ನ ನಿಮಗೆ ಇಲ್ಲೇ ಊಟ. ನಮ್ಮ ಮನೆತನದಲ್ಲಿ ಪರದೇಶದವರನ್ನು ಉಣಿಸದೇ ಕಳಿಸುವ ಪದ್ಧತಿಯಿಲ್ಲ," ಎಂದೂ ಹೇಳಿಬಿಟ್ಟ. ದೊಡ್ಡಮ್ಮ ಹೇಗೂ ಏನಾದರೂ ಬೇಯಿಸಿರುತ್ತಾಳೆ ಎಂಬ ನಂಬಿಕೆ.

ಮನೆಯ ಮುಂದೆ ನಿಂತಾಗ ನಾರ್ಮನ್ ದೊರೆಗಳಿಗೆ ಸಾಕ್ಷಿ ಬೇಕಾಯಿತು. ಆ ಬಾಗಿಲಿನ ಬಲಗದದ ಹೊರಮೈಯಲ್ಲಿ ಒಂದು ಸಿಂಹದ ತಲೆ ಕೆತ್ತಿದೆ. ಕೆತ್ತಿದವನು ಅವರ ಅಜ್ಜನ ತಮ್ಮ. ಅವನು ಸಿಂಹವನ್ನು ನೋಡಿದವನಲ್ಲ, ಕುರಿ ಕಾಯುತ್ತಿದ್ದವನು, ಅದು ಕೆತ್ತನೆಯಲ್ಲಿ ಗೊತ್ತಾಗುತ್ತದೆ. ಕದ ಒಳಕ್ಕೆ ತೆರೆದಿದ್ದಾಗ ಸಿಂಹ ಕಾಣುವುದಿಲ್ಲ. ಕಾನಿಯೊ ಬಲಗದವನ್ನು ಎಳೆದು ಮುಚ್ಚಿದ. ಉದ್ದನೆಯವನು ಮಂಡಿಯೂರಿ ಫೋಟೊ ತೆಗೆದ. ಮತ್ತೆ ಕದ ತೆರೆಯಲು ಹೋದರೆ ಬರಲೊಲ್ಲದು! ಕೆಳಗಿನ ಕಬ್ಬಿಣದ ಅಗಳಿ ಕಲ್ಲಿನ ತೂತಿಗೆ ಬಿದ್ದು ಕಚ್ಚಿಕೊಂಡಿತ್ತು. ಕಾನಿಯೊ ಒದ್ದ, ಗುದ್ದಿದ, ಸಂತರನ್ನೆಲ್ಲ ಹೆಸರು ಹಿಡಿದು ಕರೆದ. ಕದ ಜಪ್ಪಯ್ಯ ಅನ್ನಲಿಲ್ಲ. ಬಿಡು, ಒಂದು ಕದ ಸಾಕು ಎಂದು ಅತಿಥಿಗಳನ್ನು ಒಳಗೆ ಕರೆದುಕೊಂಡ.

ಒಳಗೆ ಒಲೆ ತಣ್ಣಗಿತ್ತು. ದೊಡ್ಡಮ್ಮನಿಗೆ ಹಿಂದಿನ ದಿನದಿಂದ ಹಲ್ಲುನೋವು. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಿಕೊಂಡು, ನೋವಿಗೆಂದು ಬಾಯಲ್ಲಿಟ್ಟುಕೊಂಡ ಸಾರಾಯಿಯನ್ನು ಉಗುಳಲು ಮನಸ್ಸು ಬಾರದೆ ಗುಟುಕು ಗುಟುಕಾಗಿ ನುಂಗಿ, ಹಲ್ಲುಗಳ ಸಂತಳಾದ ಅಪೊಲೋನಿಯಾಳಿಗೆ ಜಪ ಮಾಡುತ್ತ ಮಾಡುತ್ತ, ಎದೆಯ ಮೇಲೆ ಕೈ ಜೋಡಿಸಿ, ಬೆರಳಿಗೆ ಜಪಮಾಲೆ ಸುತ್ತಿಕೊಂಡು ಅಂಗಾತ ನಿದ್ದೆ ಹೋಗಿದ್ದಳು. ಕಾನಿಯೊ ಅಲುಗಿಸಿದ, ಕೂಗಿದ. ಅವಳು ಏಳಲಿಲ್ಲ.

ಹೊರಗೆ ಬಂದ. ಕರಿ ಸೂಟು ಮತ್ತು ಸೆಪ್ಟೆಂಬರಿನ ಬಿಸಿಲು, ಊಟಕ್ಕೆ ಕರೆದ ಪರದೇಶಿಗಳು ಮತ್ತು ತಣ್ಣಗಿನ ಒಲೆ. ಮುಖದಲ್ಲಿ ಬೆವರು ಹರಿಯುತ್ತಿತ್ತು. ದೊಡ್ಡ ಕರವಸ್ತ್ರ ತೆಗೆದು ಎರಡೂ ಕೈಯಿಂದ ಕಣ್ಣು ಮುಖ ಒರೆಸಿಕೊಂಡ. ಎದುರು ಬಾಲ್ಕನಿಯಲ್ಲಿ ಫಿಲೂಚ್ಚಾ ಮೆಣಸಿನಕಾಯಿ ಪೋಣಿಸುತ್ತ ಕೂತಿದ್ದಳು. ಅವಳ ಕಣ್ಣಿಗೆ ಬಿದ್ದದ್ದು ಇಷ್ಟು: ಅರ್ಧ ಬಾಗಿಲು, ಕರಿ ಸೂಟು, ಕರವಸ್ತ್ರ.

"ಕಾನಿಯೊ! ಮಗಾ! ಏನಾಯ್ತೋ?"

"ಈಗ ಏನೂ ಕೇಳ್ಬೇಡ ಫಿಲೂಚ್ಚಾ. ನಿಂಗೆ ಕೈ ಮುಗೀತೀನಿ. ಕುರ್ಚಿ ಕೊಡು."

"ಎಷ್ಟು?"

"ಇರೋದೆಲ್ಲಾ ಕೊಡು."

ನಮ್ಮೂರಿನಲ್ಲಿ ಮನುಷ್ಯ ಜೀವಮಾನದಲ್ಲಿ ಒಂದೇ ಸಂದರ್ಭದಲ್ಲಿ ನೆರೆಮನೆಯ ಕುರ್ಚಿಗಳನ್ನೆಲ್ಲ ಕೇಳುತ್ತಾನೆ. ಫಿಲೂಚ್ಚಾ ಮೆಣಸಿನಕಾಯಿ ಚೆಲ್ಲಿ ಇಳಿದು ಬಂದಳು. ಕುರ್ಚಿ ಇಡುವ ನೆಪದಲ್ಲಿ ಮಲಗುವ ಕೋಣೆಗೆ ಇಣುಕಿದಳು. ಗದ್ದಕ್ಕೆ ಕಟ್ಟಿದ ಬಟ್ಟೆ, ಜೋಡಿಸಿದ ಕೈ, ಜಪಮಾಲೆ. ಹೆಣದ ಬಾಯಿ ತೆರೆದುಕೊಳ್ಳದಿರಲಿ ಎಂದು ನಾವು ಕಟ್ಟುವುದೂ ಹಾಗೆಯೇ. ಅವಳು ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ಕಾಲಬೆರಳ ತುದಿಯಲ್ಲಿ ಹಿಂದೆ ಸರಿದು, ಬೀದಿಗೆ ಬಂದದ್ದೇ ಓಡಿದಳು.

ಕಾಲು ಗಂಟೆಯಲ್ಲಿ ಇಗರ್ಜಿಯ ಗಂಟೆ ಹೆಂಗಸಿನ ಸಾವಿಗೆ ಹೊಡೆಯುವ ಹಾಗೆ ಹೊಡೆಯತೊಡಗಿತು. ನಾನು ಒಬ್ಬನ ಅರ್ಧ ಮೀಸೆ ಬಿಟ್ಟು ಅಂಗಡಿಯ ಷಟರ್ ಎಳೆದೆ. "ಯಾರಂತೆ?" ಎಂದರೆ "ಕಾರ್ಮೊಸೀನಾ" ಎಂದರು. ನನಗೆ ಮೊದಲು ನೆನಪಾದವಳು ರಾಕೇಲೆ. ಇನ್ನೆರಡು ದಿನ ಕಳೆದಿದ್ದರೆ ಇವಳು ತೊರೀನೊಗೆ ಹೋಗುತ್ತಿದ್ದಳು, ಆ ಎರಡು ದಿನ ತಡೆಯಲಾರದೆ ಅಕ್ಕನೇ ಹೋದಳು.

ಕರಿ ಬಟ್ಟೆ ಹಾಕಿಕೊಂಡು ಹೊರಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಮೇಲುಕೇರಿಯ ಮೆಟ್ಟಿಲುಗಳಲ್ಲಿ ಆಗಲೇ ಮೆರವಣಿಗೆ. ಒಬ್ಬಳ ತಲೆಯ ಮೇಲೆ ಕೋಳಿಸಾರಿನ ಪಾತ್ರೆ, ಒಬ್ಬಳ ಕೈಯಲ್ಲಿ ಆಲೂಗಡ್ಡೆ ಹಾಕಿ ಬೇಯಿಸಿದ ಕುರಿಮಾಂಸದ ತಟ್ಟೆ, ಇನ್ನೊಬ್ಬಳ ಬಗಲಲ್ಲಿ ಬುಟ್ಟಿಯಷ್ಟು ಅಗಲದ ಬ್ರೆಡ್ಡು. ಕೈಯಲ್ಲಿ ಹೊಸೆದ ಪಾಸ್ತಾ, ಹುರಿದ ಒಣಮೆಣಸಿನಕಾಯಿ, ಚೀಸು, ವೈನಿನ ಹೂಜಿ. ಏನಿಲ್ಲದವರು ಕಾಫಿಪುಡಿ, ಸಕ್ಕರೆ ಪೊಟ್ಟಣ ತಂದಿದ್ದರು. ಆಹಾ, ಆ ಬೀದಿಯ ವಾಸನೆ! ಬಡ ಊರು ನಮ್ಮದು, ಅಂಥ ಅಡುಗೆ ಹಬ್ಬದಲ್ಲೂ ಆಗುತ್ತಿರಲಿಲ್ಲ. ಬದುಕಿದ್ದಾಗ ಒಂದು ಮೊಟ್ಟೆ ಕಡ ಕೊಡಲು ಗೊಣಗುವವಳು ಸಾವಿನ ಮನೆಗೆ ಕೋಳಿಯನ್ನೇ ಕೊಯ್ದು ತರುತ್ತಿದ್ದಳು.

ನಾನು ಒಳಗೆ ಹೋದೆ, ಹೋದವನು ನಿಂತೇಬಿಟ್ಟೆ. ಗೋಡೆಯುದ್ದಕ್ಕೂ ಕುರ್ಚಿ. ಕುರ್ಚಿಯ ತುಂಬ ಕರಿ ಬಟ್ಟೆಯ ಜನ, ಗಂಡಸರ ಟೋಪಿ ಮಂಡಿಯ ಮೇಲೆ, ಹೆಂಗಸರ ತಲೆವಸ್ತ್ರ ಹಣೆಯವರೆಗೆ, ಬೆರಳಲ್ಲಿ ಜಪಮಾಲೆ. ನಡುವೆ ಮೇಜು. ಮೇಜಿನಲ್ಲಿ ಆ ಡೆನ್ಮಾರ್ಕಿನ ಗಂಡಹೆಂಡತಿ ಚಡ್ಡಿ ಹಾಕಿಕೊಂಡು, ಮೊಣಕೈವರೆಗೆ ಕುರಿಮಾಂಸದ ಕೆಲಸದಲ್ಲಿದ್ದರು. ಕಾನಿಯೊ ಬಡಿಸುತ್ತಿದ್ದ. ಅವನ ಮುಖದಲ್ಲಿ ಗೆದ್ದ ಕಳೆ! ಒಂದು ಪಾತ್ರೆ ಬಂದಾಗ ಆಶ್ಚರ್ಯಪಟ್ಟನಂತೆ. ಎರಡನೆಯದು ಬಂದಾಗ, ತಾನು ಗೈಡಾದ ಸುದ್ದಿ ಹಬ್ಬಿ ಊರು ಸಹಾಯಕ್ಕೆ ಬಂದಿದೆ ಎಂದುಕೊಂಡನಂತೆ. ಮೂರನೆಯದು ಬರುವ ಹೊತ್ತಿಗೆ ಅದು ತನ್ನ ಏರ್ಪಾಡೇ ಎಂದು ಅವನಿಗೇ ನಂಬಿಕೆ ಬಂದಿತ್ತು.

ಜನ ಆ ಪರದೇಶಿಗಳನ್ನು ಸತ್ತವಳ ದೂರದ ನೆಂಟರು, ಹಡಗು ಹತ್ತಿ ಹೋದವರ ಮಕ್ಕಳು ಎಂದು ತಿಳಿದಿದ್ದರು. ಒಬ್ಬೊಬ್ಬರಾಗಿ ಎದ್ದು ಬಂದು ಆ ಹೆಂಗಸಿನ ಎರಡೂ ಕೆನ್ನೆಗೆ ಮುತ್ತಿಟ್ಟು, ಉದ್ದನೆಯವನ ಕೈ ಹಿಡಿದು ಕಣ್ಣೀರು ತರುತ್ತಿದ್ದರು. ಅವನಿಗೆ ನಮ್ಮ ಭಾಷೆಯಲ್ಲಿ ಬರುತ್ತಿದ್ದುದು ಎರಡೇ ಮಾತು.

"ಧೈರ್ಯ ತಂದ್ಕೊಳ್ಳಿ ಯಜಮಾನ್ರೇ," ಎಂದು ಒಬ್ಬ ಮುದುಕ.

"ತುಂಬಾ ಚೆಂದ!" ಎಂದ ಉದ್ದನೆಯವನು.

"ಕಷ್ಟಪಡದೇ ಹೋದಳು, ಪುಣ್ಯವಂತೆ," ಎಂದಳು ಒಬ್ಬಳು.

"ತುಂಬಾ ಚೆಂದ! ತುಂಬಾ ಚೆಂದ!"

ಗೋಡೆಯ ಕಡೆಯಿಂದ ಗುಸುಗುಸು ಎದ್ದಿತು. "ಏನ್ರೀ ಇವರು, ಎದೆ ಅನ್ನೋದು ಇದೆಯಾ ಇಲ್ವಾ?" "ಹೆಣ ಒಳಗಿದೆ, ಇವನು ಎರಡನೇ ಸಲ ಮಾಂಸ ಹಾಕಿಸ್ಕೊಂಡ." "ಬಟ್ಟೆ ನೋಡು ಬಟ್ಟೆ. ಸಾವಿಗೆ ಚಡ್ಡೀಲಿ ಬಂದಿದಾನೆ."

ಅಷ್ಟರಲ್ಲಿ ಮೇಯರು ಬಂದರು, ಎದೆಗೆ ಮೂರು ಬಣ್ಣದ ಪಟ್ಟಿ ಕಟ್ಟಿಕೊಂಡು. ನಮ್ಮ ಮೇಯರಿಗೆ ಭಾಷಣ ಮಾಡಲು ಸಾವಿಗಿಂತ ಒಳ್ಳೆಯ ಸಂದರ್ಭ ಬೇರೆ ಇರಲಿಲ್ಲ, ಎದ್ದುಹೋಗಲು ಜನಕ್ಕೆ ಮುಖವಿರುವುದಿಲ್ಲವಲ್ಲ. ಗಂಟಲು ಸರಿಮಾಡಿಕೊಂಡರು. "ಇವತ್ತು ಮೊಂತೆಚೆರ್ರೊದ ಒಂದು ಕಂಬ ಉರುಳಿದೆ. ನಮ್ಮೆಲ್ಲರ ಪ್ರೀತಿಯ ಕಾರ್ಮೊಸೀನಾ..."

ಕಾನಿಯೊ ಸೌಟು ಹಿಡಿದು ನಿಂತ. "ನಮ್ಮ ದೊಡ್ಡಮ್ಮನಾ? ಅವಳೇನು ಮಾಡಿದ್ಲು?"

ಜನ ಅಯ್ಯೋ ಎಂದರು. ದುಃಖದಲ್ಲಿ ಬುದ್ಧಿ ಕೆಟ್ಟಿದೆ, ಪಾಪ. ನಾನು ಈ ಗದ್ದಲದಲ್ಲಿ ಮಲಗುವ ಕೋಣೆಗೆ ನುಸುಳಿದೆ, ಕಾಲು ಮುಟ್ಟಿ ಒಂದು ಜಪ ಹೇಳಿ ಬರೋಣವೆಂದು. ಮಂಡಿಯೂರಿ "ಕರ್ತನೇ, ಇವಳಿಗೆ ಚಿರಶಾಂತಿಯನ್ನು..." ಎನ್ನುವಷ್ಟರಲ್ಲಿ ಕಾರ್ಮೊಸೀನಾ ಗೊರಕೆ ಹೊಡೆದಳು. ಸಾರಾಯಿಯ ವಾಸನೆ ನನ್ನ ಮುಖಕ್ಕೆ ಬಡಿಯಿತು. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಹೆಣಗಳ ಗಡ್ಡ ಹೆರೆದಿದ್ದೇನೆ, ಒಂದೂ ಹೀಗೆ ಮಾಡಿದ್ದಿಲ್ಲ.

ಕಾನಿಯೊನನ್ನು ತೋಳು ಹಿಡಿದು ಕೋಣೆಗೆ ಎಳೆದುಕೊಂಡೆ.

"ಲೋ ದಡ್ಡ ಶಿಖಾಮಣಿ! ಆ ಬಾಗಿಲು ಅರ್ಧ ಮುಚ್ಚಿದ್ಯಾರು?"

"ನಾನೇ. ಸಿಂಹ ತೋರ್ಸೋಕೆ."

"ಸೂಟು?"

"ಗೈಡು..."

"ಕುರ್ಚಿ?"

ಆಗ ಅವನ ತಲೆಗೆ ಹೊಳೆಯಿತು. ಮುಖ ಹಿಟ್ಟಿನ ಹಾಗೆ ಬೆಳ್ಳಗಾಯಿತು. "ಅಯ್ಯೋ ನನ್ನ ಕರ್ಮವೇ! ಇಡೀ ಊರಿಗೆ ಏನಂತ ಹೇಳ್ಲಿ ಮೇಸ್ತ್ರಿ? ಗಂಟೇನೂ ಹೊಡ್ಸಿಬಿಟ್ರು! ಈಗ್ಲೇ ಹೋಗಿ ಹೇಳ್ತೀನಿ..."

ಬೀದಿಯಿಂದ ಒಂದು ಕೂಗು ಬಂತು. "ರಾಕೇಲೆ! ರಾಕೇಲೆ ಬರ್ತಿದಾಳೆ! ದಾರಿ ಬಿಡ್ರೋ!"

ಕಾನಿಯೊ ಬಾಗಿಲಿಗೆ ನುಗ್ಗಿದ. "ಚಿಕ್ಕಮ್ಮ ಎದೆ ಒಡ್ಕೊಂಡು ಸಾಯ್ತಾಳೆ, ಬಿಡಿ ಮೇಸ್ತ್ರಿ, ನಾನು ಮೊದಲು ಹೇಳ್ಬೇಕು..."

ನಾನು ಅವನ ಕರಿ ಟೈಯನ್ನೇ ಹಿಡಿದು ಜಗ್ಗಿದೆ. "ಉಸಿರು ಬಿಟ್ರೆ ನೋಡು. ಹನ್ನೊಂದು ವರ್ಷದ ಮೇಲೆ ಅವಳು ಈ ಹೊಸ್ತಿಲು ದಾಟ್ತಿದಾಳೆ. ನೀನು ಬಾಯಿ ತೆಗೆದ್ರೆ ಅಲ್ಲಿಂದಲೇ ತಿರುಗಿ ಹೋಗ್ತಾಳೆ, ಸೋಮವಾರ ಬಸ್ಸು ಹತ್ತುತಾಳೆ. ಬೇಕಾ? ಸುಮ್ನಿರು."

ಇಬ್ಬರೂ ಬೀರುವಿನ ಪಕ್ಕಕ್ಕೆ ಸರಿದೆವು.

ರಾಕೇಲೆ ಒಳಗೆ ಬಂದಳು. ಗಂಟೆ ಹೊಡೆದದ್ದು ಯಾರಿಗೆಂದು ಅವಳಿಗೆ ಹೇಳುವ ಧೈರ್ಯ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲವಂತೆ. ಕಾಲಲ್ಲಿ ಚಪ್ಪಲಿಯಿಲ್ಲ. ತಲೆಯ ವಸ್ತ್ರ ಎಲ್ಲೋ ಬಿದ್ದುಹೋಗಿತ್ತು. ಪುಟ್ಟ ಹೆಂಗಸು, ಮೆಟ್ಟಿಲು ಹತ್ತಿ ಉಸಿರು ಸಿಗುತ್ತಿರಲಿಲ್ಲ. ಯಾರನ್ನೂ ನೋಡದೆ ನೇರ ಕೋಣೆಗೆ ಬಂದು, ಮಂಚದ ಪಕ್ಕ ಕುಸಿದು, ಹಾಡಿಕೊಂಡು ಅಳತೊಡಗಿದಳು. ಆ ಕಾಲದ ನಮ್ಮ ಹೆಂಗಸರು ಸತ್ತವರ ಜೊತೆ ಮಾತಾಡುತ್ತಲೇ ಅಳುತ್ತಿದ್ದರು. ಆ ಅಳು ಈಗ ಎಲ್ಲೂ ಕೇಳುವುದಿಲ್ಲ.

"ಅಕ್ಕಾ, ನನ್ನಕ್ಕಾ! ಏನವಸರ ಇತ್ತೇ ನಿಂಗೆ? ನಾನು ಸೋಮವಾರ ಹೊರಡೋಳು, ನೀನು ಶನಿವಾರವೇ ಹೊರಟುಬಿಟ್ಯಲ್ಲೇ! ಎಲ್ಲದ್ರಲ್ಲೂ ನಿಂಗೇ ಮೊದಲಾಗ್ಬೇಕಿತ್ತಲ್ಲೇ, ಅಕ್ಕಾ!

"ದಿನಾ ಬೆಳಿಗ್ಗೆ ನಲ್ಲಿ ಹತ್ರ ನಿಂತು ಮೇಲೆ ನೋಡ್ತಿದ್ದೆ. ನಿನ್ನ ಚಿಮಣೀಲಿ ಹೊಗೆ ಬಂದ್ರೆ, ಅಕ್ಕ ಎದ್ದಳು ಅಂತ ಕೊಡ ಎತ್ಕೊಂಡು ಹೋಗ್ತಿದ್ದೆ. ಹೊಗೆ ಬರ್ದಿದ್ರೆ ಬರೋವರ್ಗೂ ಇನ್ನೊಂದು ಕೊಡ, ಮತ್ತೊಂದು ಕೊಡ! ಮನೇಲಿ ನೀರಿಡೋಕೆ ಜಾಗ ಇರ್ತಿರ್ಲಿಲ್ಲ, ಆದ್ರೂ ತುಂಬ್ತಿದ್ದೆ, ಅಕ್ಕಾ! ಇವತ್ತು ಹೊಗೆ ಬರ್ಲಿಲ್ಲ. ನನ್ನ ಕೊಡ ಅಲ್ಲೇ ಬಿದ್ದಿದೆ!"

ಹೊರಗೆ ಗೋಡೆಯುದ್ದಕ್ಕೂ ಹೆಂಗಸರು ಬಿಕ್ಕತೊಡಗಿದರು. ನಾನು ಮಂಚದ ಕಡೆ ನೋಡಿದೆ. ಕಾರ್ಮೊಸೀನಾಳ ಒಂದು ಕಣ್ಣು ಒಂದು ನೂಲಿನಷ್ಟು ತೆರೆಯಿತು. ತಂಗಿಯ ನೆತ್ತಿಯನ್ನು ನೋಡಿತು. ಮತ್ತೆ ಮುಚ್ಚಿಕೊಂಡಿತು. ಪಕ್ಕದಲ್ಲಿ ಕಾನಿಯೊ ನನ್ನ ತೋಳನ್ನು ನೀಲಿಗಟ್ಟುವ ಹಾಗೆ ಹಿಡಿದಿದ್ದ.

"ಆ ಕಾಫಿ, ಅಕ್ಕಾ! ಎಲ್ಲರೂ ಕೇಳ್ಲಿ, ನಂಗೇನು! ಒಲೆ ಹಚ್ಚಿದ್ದು ನೀನೇ. ಯಾರಿಗೆ ಹಚ್ಚಿದೆ? ಅವ್ವನ ತಲೆ ಹತ್ರ ಎರಡು ರಾತ್ರಿ ಕೂತು ನನ್ನ ತಲೆ ಸಿಡೀತಿತ್ತು. ನಂಗೆ ಅಂತ ಹಚ್ಚಿದೆ! ಹಿತ್ತಲ ಬಾಗಿಲಿಂದ ಬಟ್ಟಲು ತಂದುಕೊಟ್ಟೆ. ನಾನು ಕುಡಿದೆ! ಇನ್ನೊಂಚೂರು ಹಾಕು ಅಂತ ಕೇಳಿ ಕುಡಿದೆ! ಜನ ಹೊಗೆ ಕಂಡು ಬಂದಾಗ ಹೆದರಿಬಿಟ್ಟೆ, ನಿನ್ನ ಕಡೆ ಕೈ ತೋರ್ಸಿದೆ. ನೀನು ಬಾಯಿ ಬಿಡ್ಲಿಲ್ಲ. ಇವಳೂ ಕುಡಿದಳು ಅಂತ ಒಂದು ಮಾತು ಹೇಳ್ಲಿಲ್ಲ. ನೀನು ಹೇಳ್ಲಿಲ್ಲ ಅಂತಲೇ ನಿನ್ನ ಮುಖ ನೋಡೋಕೆ ನಂಗೆ ಆಗ್ಲಿಲ್ವೇ, ಅಕ್ಕಾ!"

ಮೇಯರು ಭಾಷಣದ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ಕಾರ್ಮೊಸೀನಾಳ ಮುಚ್ಚಿದ ಕಣ್ಣಿನ ಅಂಚಿನಿಂದ ಒಂದು ಹನಿ ಇಳಿದು ಗದ್ದದ ಬಟ್ಟೆಯೊಳಗೆ ಹೋಯಿತು. ನಾನು ಅದನ್ನು ಕಣ್ಣಾರೆ ಕಂಡೆ, ಕಾನಿಯೊ ಕಂಡ, ಇನ್ನಾರೂ ಕಾಣಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಕಾರ್ಮೊಸೀನಾ ಇನ್ನೂ ಎಷ್ಟು ಹೊತ್ತು ಸತ್ತಿರುತ್ತಿದ್ದಳೋ ದೇವರೇ ಬಲ್ಲ. ಆದರೆ ರಾಕೇಲೆಗೆ ಅಳುವಿನ ಓಘ ಬಂದಿತ್ತು.

"ಈಗ ಯಾರು ನಂಗೆ ಇದ್ದಾರೆ? ತೊರೀನೊದಲ್ಲಿ ಯಾರನ್ನ ಬೈಕೊಳ್ಲಿ? ನೀನು ಸುಡೋ ಬ್ರೆಡ್ಡು ಕಲ್ಲಿನ ಥರ ಇರ್ತಿತ್ತು, ಹಲ್ಲು ಮುರೀತಿತ್ತು, ಆದ್ರೂ ನಿನ್ನ ಕೈಯಿಂದು ಅಂತ..."

"ಏನಂದೆ?"

ಕಾರ್ಮೊಸೀನಾ ಎದ್ದು ಕೂತಿದ್ದಳು. "ಯಾರ ಬ್ರೆಡ್ಡೇ ಕಲ್ಲು?"

ಫಿಲೂಚ್ಚಾ ಕಿರುಚಿದ್ದು ಕಣಿವೆಯ ಆಚೆಯ ಊರಿಗೆ ಕೇಳಿಸಿತಂತೆ. ಗಂಡಸರು ಕಿಟಕಿಯಿಂದ ಹೊರಗೆ ಹಾರಿದರು, ಪುಣ್ಯಕ್ಕೆ ಕಿಟಕಿ ಬೀದಿಯ ಮಟ್ಟದಲ್ಲಿತ್ತು. ಗಂಟೆ ಹೊಡೆದು ಬಂದಿದ್ದ ಇಗರ್ಜಿಯ ಆಳು ಮೇಜಿನ ಕೆಳಗೆ ಸೇರಿಕೊಂಡ. ಡೆನ್ಮಾರ್ಕಿನವರು ಮಾತ್ರ ಕೋಣೆಯ ಬಾಗಿಲಲ್ಲಿ ನಿಂತು, ಊಟದ ನಂತರ ಊರಿನವರು ಆಡಿ ತೋರಿಸುವ ಹಳೆಯ ನಾಟಕ ಇದು ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. "ತುಂಬಾ ಚೆಂದ!"

ರಾಕೇಲೆ ನೆಲದ ಮೇಲೆ ಕೂತಲ್ಲಿಂದ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಣ್ಣ ಹೋಯಿತು, ಬಣ್ಣ ಬಂತು. ಎದ್ದು ನಿಂತಳು.

"ನೀನು ಸತ್ತಿಲ್ವೇನೇ?"

"ಹಲ್ಲುನೋವು ಕಣೇ."

"ಹಲ್ಲುನೋವಾ! ನಾನು ಬರಿಗಾಲಲ್ಲಿ ಓಡಿ ಬಂದಿದೀನಿ, ಹಲ್ಲುನೋವಂತೆ! ಎಷ್ಟೊತ್ತಿಂದ ಎಚ್ಚರ ಇತ್ತು ನಿಂಗೆ?"

"ಕೊಡದ ಹತ್ರದಿಂದ."

"ಥೂ ನಿನ್ನ! ಆವಾಗ್ಲೇ ಏಳೋಕೇನಾಗಿತ್ತು?"

"ಎದ್ದಿದ್ರೆ ನೀನು ಕಾಫಿ ಹತ್ರ ಬರ್ತಿದ್ಯಾ?" ಕಾರ್ಮೊಸೀನಾ ಗದ್ದದ ಬಟ್ಟೆ ಬಿಚ್ಚಿದಳು, ಜಗಳಕ್ಕೆ ಬಾಯಿ ಪೂರ್ತಿ ಬೇಕಿತ್ತು. "ಅತ್ತಿದ್ದು ಚೆನ್ನಾಗಿತ್ತು. ಅವ್ವನಿಗೂ ಇಷ್ಟು ಚೆನ್ನಾಗಿ ಅತ್ತಿರ್ಲಿಲ್ಲ ನೀನು. ಕೊನೇಲಿ ಬ್ರೆಡ್ಡು ತಂದು ಕೆಡಿಸಿದೆ."

"ಇರೋದು ಹೇಳ್ದೆ!"

"ಇರೋದಾ? ಬಾ ಇಲ್ಲಿ, ತೋರಿಸ್ತೀನಿ!"

ಎಂದವಳು ಎರಡೂ ಕೈಯಿಂದ ತಂಗಿಯ ಮುಖ ಹಿಡಿದುಕೊಂಡಳು. ಇಬ್ಬರೂ ಹಾಗೆಯೇ ಒಬ್ಬರ ಹಣೆಗೆ ಒಬ್ಬರು ಹಣೆ ಇಟ್ಟು ನಿಂತರು. ಕಾನಿಯೊ ಬೀರುವಿಗೆ ಮುಖ ಒತ್ತಿಕೊಂಡು, ನಲವತ್ತೈದು ವರ್ಷದ ಗಂಡಸು, ಗೊಳೋ ಎಂದು ಅತ್ತ. ಅದು ಕೇಳಿದ್ದೇ ಇಬ್ಬರೂ ತಿರುಗಿದರು.

"ಇದೆಲ್ಲಾ ನಿಂದೇ ಕೆಲ್ಸ ಅಲ್ವೇನೋ?" ಎಂದಳು ದೊಡ್ಡಮ್ಮ.

"ಬಾಗ್ಲು ಅರ್ಧ ಮುಚ್ಚೋನು! ದೊಡ್ಡಮ್ಮ ಬದುಕಿರುವಾಗ!" ಎಂದಳು ಚಿಕ್ಕಮ್ಮ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ವಿಷಯದಲ್ಲಿ ಒಂದಾದರು. ಒಬ್ಬಳು ಎಡಗಿವಿ, ಒಬ್ಬಳು ಬಲಗಿವಿ ಹಿಡಿದಳು.

ಸಾವಿನ ಮನೆಗೆ ಬಂದ ಊಟವನ್ನು ವಾಪಸು ಒಯ್ಯುವಂತಿಲ್ಲ, ಒಯ್ದರೆ ಸಾವು ಹಿಂದೆಯೇ ಬರುತ್ತದೆ ಎಂದು ನಂಬಿಕೆ. ಹೀಗಾಗಿ ಮೇಜುಗಳನ್ನು ಬೀದಿಗೆ ಹಾಕಿ ಮೇಲುಕೇರಿ, ಕೆಳಕೇರಿ ಎರಡೂ ಸೇರಿ ಕತ್ತಲಾಗುವವರೆಗೆ ಉಂಡೆವು. ಮೇಯರು ಭಾಷಣವನ್ನು ಹಾಳು ಮಾಡಲು ಮನಸ್ಸು ಬಾರದೆ, "ಕಂಬ ಉರುಳಿದೆ" ಎಂಬುದನ್ನು "ಕಂಬ ನಿಂತಿದೆ" ಎಂದು ತಿದ್ದಿ, ಡೆನ್ಮಾರ್ಕಿನವರಿಗೆ ಸ್ವಾಗತ ಎಂದು ಓದಿದರು. ನನ್ನ ಅರ್ಧ ಮೀಸೆಯ ಗಿರಾಕಿಯೂ ಅಲ್ಲೇ ಇದ್ದ. ಅಂಥ ಇನ್ನೊಂದು ದಿನವನ್ನು ನಮ್ಮ ಬೀದಿ ಕಾಣಲಿಲ್ಲ.

ರಾಕೇಲೆ ಸೋಮವಾರ ಹೋದಳು. ಹೋಗಬೇಡ ಎಂದು ಕಾರ್ಮೊಸೀನಾ ಹೇಳಲಿಲ್ಲ. ಮೊಮ್ಮಕ್ಕಳು ಕಾಯುತ್ತಿದ್ದರು, ಗಂಟು ಕಟ್ಟಿಯಾಗಿತ್ತು. ಆದರೆ ಅಕ್ಕ ಊದಿದ ಕೆನ್ನೆ ಹೊತ್ತು ಚೌಕಕ್ಕೆ ಇಳಿದು ಬಂದಳು. ಬಸ್ಸಿನ ಕಿಟಕಿಯೊಳಗಿನಿಂದ ತಂಗಿ, ಹೊರಗಿನಿಂದ ಅಕ್ಕ, ಟೊಮ್ಯಾಟೊ ಸಾರಿಗೆ ತುಳಸಿ ಮೊದಲು ಹಾಕಬೇಕೋ ಕೊನೆಯಲ್ಲೋ ಎಂದು ವಾದಕ್ಕೆ ನಿಂತರು. ಬಸ್ಸಿನವನು ಒಮ್ಮೆ ಹಾರ್ನ್ ಮಾಡಿದ, ಇಬ್ಬರೂ ಒಟ್ಟಿಗೆ ಬೈದದ್ದಕ್ಕೆ ಮತ್ತೆ ಮಾಡಲಿಲ್ಲ. ಆಮೇಲೆ ಪ್ರತಿ ಭಾನುವಾರ ಚೌಕದ ಕಾಫಿ ಅಂಗಡಿಗೆ ತೊರೀನೊದಿಂದ ಫೋನು ಬರುತ್ತಿತ್ತು. ಕಾರ್ಮೊಸೀನಾ ಸಿಂಗರಿಸಿಕೊಂಡು ಬಂದು ಕಾದಿದ್ದು ಜಗಳವಾಡುತ್ತಿದ್ದಳು. ಕೂತವರಿಗೆ ಒಂದು ಕಡೆಯ ಜಗಳ ಮಾತ್ರ ಕೇಳುತ್ತಿತ್ತು, ಇನ್ನೊಂದು ಕಡೆಯದನ್ನು ನಾವೇ ಊಹಿಸಿಕೊಳ್ಳುತ್ತಿದ್ದೆವು. ಆ ಹೊತ್ತಿನಲ್ಲಿ ನನ್ನ ಅಂಗಡಿಗೆ ಯಾರೂ ಬರುತ್ತಿರಲಿಲ್ಲ, ನಾನೇ ಕಾಫಿ ಅಂಗಡಿಯಲ್ಲಿರುತ್ತಿದ್ದೆ.

ಕೆಲವು ವರ್ಷಗಳ ಮೇಲೆ, ಹಿಮ ಬಿದ್ದ ಒಂದು ಫೆಬ್ರವರಿಯಲ್ಲಿ, ಕಾರ್ಮೊಸೀನಾ ನಿಜವಾಗಿಯೂ ಹೋದಳು. ಈ ಸಲ ಊರು ಅವಸರಪಡಲಿಲ್ಲ. ಫಿಲೂಚ್ಚಾ ಮೂಗಿನ ಹತ್ತಿರ ಕನ್ನಡಿ ಹಿಡಿದು ನೋಡಿದಳು, ಸಾಲದೆಂದು ಅಂಗಾಲಿಗೆ ಕಚಗುಳಿ ಇಟ್ಟು ನೋಡಿದಳು, ಆಮೇಲೆಯೇ ಬಾಯಿ ಬಿಟ್ಟು ಅತ್ತಳು. ಮಾರನೆಯ ದಿನ ರೈಲಿನಲ್ಲಿ, ಬಸ್ಸಿನಲ್ಲಿ, ಕೊನೆಗೆ ಕಾನಿಯೊನ ತೋಳು ಹಿಡಿದು ಹಿಮದಲ್ಲಿ ನಡೆದು ರಾಕೇಲೆ ಬಂದಳು. ಎಷ್ಟು ಸಣ್ಣಗಾಗಿದ್ದಳು! ಮನೆಯ ತುಂಬ ಜನ. ಎಲ್ಲರಿಗೂ ಆ ಶನಿವಾರದ ಅಳು ನೆನಪಿತ್ತು, ಎಲ್ಲರೂ ಕರವಸ್ತ್ರ ಸಿದ್ಧ ಮಾಡಿಕೊಂಡು ದಾರಿ ಬಿಟ್ಟರು.

ರಾಕೇಲೆ ಮಂಚದ ಪಕ್ಕ ಕೂತಳು. ಅಕ್ಕನ ಗದ್ದದ ಬಟ್ಟೆಯ ಗಂಟನ್ನು ಸ್ವಲ್ಪ ಸಡಿಲಿಸಿದಳು. ಮಾತಾಡಲಿಲ್ಲ. ಜನ ಕಾದರು, ಕೆಮ್ಮಿದರು. ಕೊನೆಗೆ ಫಿಲೂಚ್ಚಾ ಬಗ್ಗಿ ಕಿವಿಯಲ್ಲಿ ಹೇಳಿದಳು, "ಅಳು ರಾಕೇಲೆ. ಎದೇಲಿಟ್ಕೋಬೇಡ. ಅಕ್ಕಂಗೆ ಏನು ಹೇಳ್ಬೇಕೋ ಹೇಳ್ಬಿಡು."

ರಾಕೇಲೆ ತಲೆಯೆತ್ತಿ ನಮ್ಮನ್ನೆಲ್ಲ ನೋಡಿದಳು, ಇವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎನ್ನುವ ಹಾಗೆ.

"ಹೇಳ್ಬೇಕಾದ್ದೆಲ್ಲಾ ಹೇಳಿದೀನಿ," ಎಂದಳು. "ಅವಳು ಕೇಳಿಸ್ಕೊಂಡಿದಾಳೆ."

ಆಮೇಲೆ ಅಕ್ಕನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಸಂಜೆಯವರೆಗೂ ಹಾಗೆಯೇ ಕೂತಿದ್ದಳು.